ಎಂಜಿನ್ ಮೌಂಟಿಂಗ್ ಎಷ್ಟು ಗಟ್ಟಿಯಿರಬೇಕು?

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಕಾರು ತಿರುವು ದಾಟುತ್ತಿದ್ದಂತೆ ಚಾಲಕ ಎಕ್ಸಲರೇಟರ್ ಪೂರ್ತಿ ತುಳಿಯುತ್ತಾನೆ. ಬಾನೆಟ್ಟಿನೊಳಗೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಕಾಲು ತೆಗೆದರೆ ಮುಂದಕ್ಕೆ. ಚಕ್ರಗಳು ನೆಲದ ಹಿಡಿತ ತಪ್ಪಿ ಮತ್ತೆ ಕಚ್ಚಿದಾಗಲೆಲ್ಲ ಈ ಓಲಾಟ ಜೋರಾಗುತ್ತದೆ. ಗೇರ್ ಸರಿಯಾಗಿ ಕೂರುವುದಿಲ್ಲ, ಡ್ರೈವ್ ಶಾಫ್ಟಿಗೆ ಏಟು ಬೀಳುತ್ತದೆ.

ಇದನ್ನು ತಡೆಯಬೇಕಾದದ್ದು ಮೌಂಟಿಂಗ್, ಅಂದರೆ ಲೋಹದ ತುಂಡುಗಳ ನಡುವೆ ಕೂಡಿಸಿದ ರಬ್ಬರ್. ಎಂಜಿನ್ ಅಡ್ಡಲಾಗಿ ಕೂತ, ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಅದರ ಹೊರೆ ದೊಡ್ಡದು. ಎಂಜಿನ್ನಿನ ಟಾರ್ಕ್ 150 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವಿನದು 4 ಎಂದಿಟ್ಟುಕೊಂಡರೆ, ಚಕ್ರಗಳಿಗೆ ಹೋಗುವ 2,100 ನ್ಯೂಟನ್ ಮೀಟರಿನ ಎದುರೇಟನ್ನು ಮೌಂಟಿಂಗುಗಳೇ ತಡೆದುಕೊಳ್ಳಬೇಕು.

ಹಾಗಾದರೆ ಕಂಪನಿಗಳು ಮೆತ್ತನೆಯ ರಬ್ಬರ್ ಏಕೆ ಹಾಕುತ್ತವೆ? ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ಓಡುತ್ತಿದ್ದರೂ ಸೆಕೆಂಡಿಗೆ ಸುಮಾರು 27 ಬಾರಿ ಮಿಡಿಯುತ್ತದೆ. ಆ ನಡುಕ ಸೀಟು, ಸ್ಟೀರಿಂಗಿಗೆ ಮುಟ್ಟದಂತೆ ರಬ್ಬರ್ ನುಂಗಿಕೊಳ್ಳುತ್ತದೆ.

ಗಡಸುತನ ಅಳೆಯುವುದು ಶೋರ್ ಎ ಮಾಪಕದಲ್ಲಿ. ಅಂಕಿ ಏರಿದಷ್ಟೂ ಗಟ್ಟಿ. ಕಾರಿನ ಮೂಲ ರಬ್ಬರ್ ಸಾಮಾನ್ಯವಾಗಿ 50–60ರ ಆಸುಪಾಸು. ರಸ್ತೆಯಲ್ಲೂ ಓಡಬೇಕಾದ ಕಾರಿಗೆ 70ರ ಸುಮಾರಿನ ಪಾಲಿಯುರೆಥೇನ್ ಸಾಕು. 90ರ ಹತ್ತಿರದ್ದು ಟ್ರ್ಯಾಕಿಗೆ ಮೀಸಲು. ಅದಕ್ಕೂ ಆಚೆಯದು ಗಟ್ಟಿ ಅಲ್ಯೂಮಿನಿಯಂ. ಈ ದಾರಿಯ ತುತ್ತತುದಿಯಲ್ಲಿ ನಿಲ್ಲುವುದು ಫಾರ್ಮುಲಾ ಒನ್ ಕಾರು ಲೋಟಸ್ 49. ಅದರಲ್ಲಿ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನನ್ನೇ ನೇರವಾಗಿ ಕಾರಿನ ಒಡಲಿಗೆ ಬೋಲ್ಟ್ ಮಾಡಿ, ಹಿಂದಿನ ಸಸ್ಪೆನ್ಷನ್ನಿನ ಭಾರವನ್ನೂ ಅದರ ಮೇಲೆ ಹೊರಿಸಿದ್ದರು. 1967ರಲ್ಲಿ ನೆದರ್‌ಲ್ಯಾಂಡ್ಸ್‌ನ ಝಾಂಡ್‌ವೋರ್ಟಿನಲ್ಲಿ, ಅದರ ಮೊದಲ ರೇಸಿನಲ್ಲೇ ಚಾಲಕ ಜಿಮ್ ಕ್ಲಾರ್ಕ್ ಅದನ್ನು ಗೆಲ್ಲಿಸಿದರು.

ಆದರೆ ಲೋಟಸ್ಸನ್ನು ರೂಪಿಸಿದ್ದೇ ಹಾಗೆ. ಶೋರೂಮಿನಿಂದ ಬಂದ ಕಾರಿಗೆ ಅಲ್ಯೂಮಿನಿಯಂ ಮೌಂಟಿಂಗ್ ಹಾಕಿದರೆ, ರಬ್ಬರ್ ನುಂಗುತ್ತಿದ್ದ ನಡುಕವೆಲ್ಲ ಬ್ರಾಕೆಟ್ಟು, ವೆಲ್ಡಿಂಗ್, ವೈರಿಂಗಿಗೆ ಹೋಗುತ್ತದೆ, ಬಿರುಕು ಕಾಣಿಸಿಕೊಳ್ಳುತ್ತದೆ. ಒಂದನ್ನು ಮಾತ್ರ ತೀರಾ ಗಟ್ಟಿ ಮಾಡಿ ಉಳಿದವನ್ನು ಮೆತ್ತಗೆ ಬಿಟ್ಟರೂ ಅಪಾಯವೇ, ಹೊರೆಯೆಲ್ಲ ಅದೊಂದರ ಮೇಲೇ ಬೀಳುತ್ತದೆ. ಮೇಲಾಗಿ ರ‍್ಯಾಲಿ ಕಾರು ಒಂದು ಸ್ಟೇಜಿನಿಂದ, ಅಂದರೆ ಸ್ಪರ್ಧೆಯ ಹಂತದಿಂದ, ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೂ ಓಡಬೇಕು; ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಕುಲುಕಾಟದಲ್ಲೇ ಟಿಪ್ಪಣಿ ಓದಬೇಕು.

ಆದ್ದರಿಂದ ಎಂಜಿನ್ ವಾಲುವುದನ್ನು ತಡೆಯುವ ಕೆಳಗಿನ ಟಾರ್ಕ್ ಮೌಂಟಿಂಗನ್ನು ಮೊದಲು ಒಂದು ಹಂತ ಗಟ್ಟಿ ಮಾಡಿ ನೋಡುವುದು ಒಳ್ಳೆಯದು. ಕಾರು ಸ್ಪರ್ಧಿಸುವ ವರ್ಗದ ನಿಯಮ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮುಂಚೆಯೇ ಓದಿಕೊಳ್ಳಬೇಕು. ಬೋಲ್ಟ್ ಬಿಗಿದ ಮೇಲೆ ಅದರ ತಲೆಯಿಂದ ಬ್ರಾಕೆಟ್ಟಿನವರೆಗೆ ಬಣ್ಣದ ಗೆರೆ ಎಳೆಯಬೇಕು. ಮೊದಲ ಓಟದ ನಂತರ ಆ ಗೆರೆ ಜರುಗಿದ್ದರೆ ಬೋಲ್ಟ್ ಸಡಿಲಾಗಿದೆ. ಮೌಂಟಿಂಗ್ ಗಟ್ಟಿಯಾದಷ್ಟೂ ನಡುಕ ಹೆಚ್ಚು ಮುಟ್ಟುವುದರಿಂದ ಸೈಲೆನ್ಸರಿನ ಜೋಡಣೆಯನ್ನೂ ಆಗಲೇ ಪರೀಕ್ಷಿಸಬೇಕು.