ಇಶ್ಯೂ ಅಂದ್ರೆ ಬರೀ ಸಮಸ್ಯೆ ಅಲ್ಲ: ಚೆಕ್, ಕೋರ್ಟ್, ಆಸ್ತಿ ಪತ್ರದಲ್ಲಿ ಈ ಪದದ ಅರ್ಥವೇ ಬೇರೆ

'ಏನ್ ಇಶ್ಯೂ ಇಲ್ಲ ಬಿಡಿ' ಅನ್ನೋ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತೆ. ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಲ್ಲಿ, ಪಂಚಾಯ್ತಿ ಆಫೀಸಲ್ಲಿ ಇಶ್ಯೂ ಅಂದ್ರೆ ತಕರಾರು. ಆದರೆ ಇದೇ ಪದ ಬ್ಯಾಂಕ್, ಕೋರ್ಟ್, ಆಸ್ತಿ ಕಾಗದದಲ್ಲಿ ಬಂದಾಗ ಅರ್ಥ ಬದಲಾಗುತ್ತೆ. ತಿಳಿಯದೆ ಸಹಿ ಹಾಕಿದರೆ ನಷ್ಟ ನಮಗೇ.

ಮೂಲ ಅರ್ಥ ಏನು?

ಹೊರಗೆ ಹೋಗು ಅನ್ನೋ ಅರ್ಥದ ಲ್ಯಾಟಿನ್ ಪದ 'ಎಕ್ಸಿರೆ'. ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು 'ಇಶ್ಯೂ' ಆಯಿತು. ಟಾಕೀಸ್ ಬಾಗಿಲ ಮೇಲಿನ 'ಎಕ್ಸಿಟ್' ಪದದ್ದೂ ಅದೇ ಬೇರು. ಹಾಗಾಗಿ ಆದೇಶ ಹೊರಡಿಸಿದರೂ ಇಶ್ಯೂ, ಪತ್ರಿಕೆಯ ಸಂಚಿಕೆ ಹೊರಬಂದರೂ ಇಶ್ಯೂ, ಕಂಪನಿ ಷೇರುಗಳನ್ನು ಜನರಿಗೆ ಬಿಟ್ಟರೆ ಪಬ್ಲಿಕ್ ಇಶ್ಯೂ. ಚರ್ಚೆಗೆ ಬಂದ ವಿಷಯಕ್ಕೂ ಇದೇ ಪದ ಬಳಸಿ ಬಳಸಿ, ಕೊನೆಗೆ 'ಸಮಸ್ಯೆ' ಅನ್ನೋ ಅರ್ಥವೂ ಅಂಟಿಕೊಂಡಿತು.

ಆಸ್ತಿ ಪತ್ರದಲ್ಲಿ ಹುಷಾರ್

ಕಾನೂನಿನ ಭಾಷೆಯಲ್ಲಿ ಇಶ್ಯೂ ಅಂದ್ರೆ ಸಂತಾನ. 'ಡೈಡ್ ಇಶ್ಯೂಲೆಸ್' ಅಂತ ಬರೆದಿದ್ದರೆ 'ತಕರಾರಿಲ್ಲದೆ ತೀರಿಕೊಂಡರು' ಅಂತಲ್ಲ, 'ಮಕ್ಕಳಿಲ್ಲದೆ ತೀರಿಕೊಂಡರು' ಅಂತ. ಮದುವೆಯಾಗಿ ಹೋದ ಮಗಳಿದ್ದರೂ ಹೀಗೆ ಬರೆದ ಕಾಗದಕ್ಕೆ ಮನೆಯವರು ಸಹಿ ಹಾಕಿದರೆ, ಆ ಮಗಳು ಇಲ್ಲವೇ ಇಲ್ಲ ಅಂತ ಹೇಳಿದಂತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳೂ ಮೊದಲ ವರ್ಗದ ವಾರಸುದಾರಳು. ಮುಂದೆ ಅವಳು ಪಾಲು ಕೇಳಿ ದಾವೆ ಹಾಕಿದರೆ ಸಹಿ ಹಾಕಿದವರೂ ಕೋರ್ಟಿಗೆ ಅಲೆಯಬೇಕಾಗುತ್ತೆ.

ಕೋರ್ಟಿನಲ್ಲಿ 'ಇಶ್ಯೂಸ್'

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಹಂತ 'ಇಶ್ಯೂಸ್' ಅಂತ ತೋರಿಸಿದರೆ ಕೇಸಿಗೆ ತೊಂದರೆ ಆಗಿದೆ ಅಂತಲ್ಲ. ವಾದಿ ಹೌದು ಅಂದದ್ದನ್ನು ಪ್ರತಿವಾದಿ ಅಲ್ಲ ಅಂದಾಗ, ತೀರ್ಮಾನ ಆಗಬೇಕಾದ ಪ್ರಶ್ನೆಗಳನ್ನು ನ್ಯಾಯಾಧೀಶರು ಬರೆಯುತ್ತಾರೆ. ಕನ್ನಡದಲ್ಲಿ ಇವು ವಿವಾದಾಂಶಗಳು. ಸಾಮಾನ್ಯವಾಗಿ ಇದಾದ ಮೇಲೆಯೇ ಸಾಕ್ಷಿ ವಿಚಾರಣೆ. 'ಇಶ್ಯೂ ಸಮನ್ಸ್' ಅಂತಿದ್ದರೆ ಮಾತ್ರ ಹಳೇ ಅರ್ಥವೇ: ಸಮನ್ಸ್ ಹೊರಡಿಸಿ.

ಅಂಗಡಿಯವರು ಗಮನಿಸಿ

ಚೆಕ್ ಇಶ್ಯೂ ಮಾಡೋದು ಅಂದ್ರೆ ಬರೆದು ಕೊಡೋದು. ಕೈಗೆ ಬಂದ ದಿನ ಯಾವುದೇ ಇರಲಿ, ಬ್ಯಾಂಕ್ ನೋಡೋದು ಚೆಕ್ ಮೇಲಿನ ತಾರೀಖನ್ನ. 2012ರ ಏಪ್ರಿಲ್ 1ರಿಂದ ಆ ತಾರೀಖಿನಿಂದ 3 ತಿಂಗಳು ಮಾತ್ರ ಮಾನ್ಯ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬೌನ್ಸ್ ಆದರೆ, ಬ್ಯಾಂಕ್ ತಿಳಿಸಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದವರಿಗೆ ಹಣ ಕಟ್ಟಲು 15 ದಿನ ಅವಕಾಶ.

ಬಿಲ್ ಇಶ್ಯೂ ಅಂದ್ರೂ ಅಷ್ಟೇ, ಗಿರಾಕಿ ಕೈಗೆ ಕೊಡಬೇಕು. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು, ನೋಂದಣಿ ಇಲ್ಲದ ಗಿರಾಕಿಯ ವ್ಯಾಪಾರ 200 ರೂಪಾಯಿಗಿಂತ ಕಡಿಮೆ ಇದ್ದು ಅವರು ಬಿಲ್ ಕೇಳದಿದ್ದರೆ, ದಿನದ ಕೊನೆಗೆ ಅವನ್ನೆಲ್ಲಾ ಸೇರಿಸಿ ಒಂದೇ ಬಿಲ್ ಮಾಡಬಹುದು. ಗಿರಾಕಿ ಕೇಳಿದರೆ ಕೊಡಲೇಬೇಕು.

ಯಾವ ಕಾಗದದಲ್ಲೇ ಈ ಪದ ಕಂಡರೂ 'ಇಲ್ಲಿ ಹೊರಬಂದದ್ದು ಏನು?' ಅಂತ ಒಮ್ಮೆ ಕೇಳಿಕೊಳ್ಳಿ. ಆದೇಶವಾ, ಚೆಕ್ಕಾ, ಮಕ್ಕಳಾ, ಪ್ರಶ್ನೆಯಾ? ಗೊತ್ತಾಗದಿದ್ದರೆ ವಕೀಲರನ್ನ ಕೇಳಿ, ಆಮೇಲೆ ಸಹಿ ಹಾಕಿ.