ಅಪ್ಪನ ಶುಗರಿಗೂ ಬಸ್ಕಿಗೂ ಏನು ಸಂಬಂಧ?

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಹಲವರ ಮನೇಲಿ ಕಾಣೋದು ಒಂದೇ: ಟಿವಿ ಪಕ್ಕ ಶುಗರ್ ಮಾತ್ರೆ ಡಬ್ಬಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಾದರೂ ಸರಿ, ‘ವ್ಯಾಯಾಮ ಮಾಡಿ’ ಅಂದರೆ ಸಿಗೋ ಉತ್ತರವೂ ಒಂದೇ: “ಹೊಲದಾಗೆ ದುಡಿಯೋ ಮೈಗೆ ಎಂಥಾ ವ್ಯಾಯಾಮನೋ!”

ಒಂದು ಕಾಲಕ್ಕೆ ಈ ಮಾತು ನಿಜವೇ. ಈಗ ಉಳೋಕೆ ಟ್ರ್ಯಾಕ್ಟರ್, ಅಡಿಕೆ ಸುಲಿಯೋಕೆ ಮಷಿನ್, ಮೆಕ್ಕೆಜೋಳ ಬಿಡಿಸೋಕೂ ಮಷಿನ್. ತೋಟಕ್ಕೆ ಹೋಗೋದು ಬೈಕಲ್ಲಿ. ಮೈಗೆ ಕೆಲಸ ಕಮ್ಮಿಯಾಯ್ತು, ತಟ್ಟೆಯ ಅನ್ನ ಕಮ್ಮಿಯಾಗಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ.

ಸಕ್ಕರೆ ಹೋಗೋದೆಲ್ಲಿಗೆ?

ಊಟದ ನಂತರ ಇನ್ಸುಲಿನ್ ರಕ್ತದಿಂದ ಹೊರಗೆ ಕಳಿಸುವ ಗ್ಲೂಕೋಸಿನ ಬಹುಪಾಲು ಸೇರೋದು ಸ್ನಾಯುಗಳಿಗೆ. ಅಂದರೆ ಸ್ನಾಯುವೇ ನಮ್ಮ ದೊಡ್ಡ ಗೋದಾಮು. ಇನ್ಸುಲಿನ್ ಬಂದು ತಟ್ಟಿದಾಗ ಗ್ಲುಟ್-4 ಎಂಬ ಪ್ರೋಟೀನು ಜೀವಕೋಶದ ಅಂಚಿಗೆ ಬಂದು ಸಕ್ಕರೆಗೆ ಬಾಗಿಲು ತೆರೆಯುತ್ತದೆ. ಟೈಪ್-2 ಮಧುಮೇಹದಲ್ಲಿ ಎಷ್ಟು ತಟ್ಟಿದರೂ ಈ ಬಾಗಿಲು ಸರಿಯಾಗಿ ತೆರೆಯಲ್ಲ.

ಕುತೂಹಲದ ಸಂಗತಿ ಅಂದರೆ, ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ ಇಲ್ಲದೆಯೂ ಗ್ಲುಟ್-4 ಅಂಚಿಗೆ ಬರುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ವಯಸ್ಸಾದಂತೆ ಸ್ನಾಯು ಕರಗಿ ಗೋದಾಮು ಚಿಕ್ಕದಾಗುತ್ತದೆ. ಭಾರದ ವ್ಯಾಯಾಮ ಅದನ್ನು ಉಳಿಸುತ್ತದೆ, ಬೆಳೆಸುತ್ತದೆ.

ಹಾಗಾದರೆ ವಾಕಿಂಗ್ ಸಾಲದಾ? ಕೆನಡಾದಲ್ಲಿ ಟೈಪ್-2 ಮಧುಮೇಹವಿರುವ 251 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಏರೋಬಿಕ್ ವ್ಯಾಯಾಮವೂ ಭಾರದ ವ್ಯಾಯಾಮವೂ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇಳಿಸಿದವು. ಎರಡನ್ನೂ ಮಾಡಿದವರಲ್ಲಿ ಅದು ಇನ್ನೂ ಹೆಚ್ಚು ಇಳಿಯಿತು. ಆದ್ದರಿಂದ ವಾಕಿಂಗ್ ಬಿಡೋದು ಬೇಡ, ಜೊತೆಗೆ ಇದನ್ನೂ ಸೇರಿಸಬೇಕು.

ಮನೆಯಲ್ಲೇ ಹೇಗೆ?

ಜಿಮ್ಮೇ ಬೇಕಂತಿಲ್ಲ. ನಮ್ಮ ಗರಡಿಮನೆಗಳ ದಂಡ, ಬಸ್ಕಿ ಇದೇ ಜಾತಿಯವು. ಮಂಡಿ ನೋವಿರೋ ಅಪ್ಪಾಜಿ ಕುರ್ಚಿಯಿಂದ ಕೈಯೂರದೆ ಎದ್ದು ಕೂತರೆ ಅದೇ ಬಸ್ಕಿ. ಅಮ್ಮನಿಗೆ ಗೋಡೆಗೆ ಕೈಕೊಟ್ಟು ಮಾಡೋ ದಂಡ. ಎರಡು ಲೀಟರ್ ನೀರಿನ ಬಾಟಲಿ ಅಂದರೆ ಎರಡು ಕೆಜಿ ಡಂಬೆಲ್. ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಡುವು. ಪ್ರತಿಯೊಂದೂ 10-15 ಸಲ. ಸಲೀಸಾದ ಮೇಲೆ ಭಾರ ಸ್ವಲ್ಪ ಏರಿಸಬೇಕು. ಹೊಲದ ಕೆಲಸಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ.

ಎಚ್ಚರ

ಶುರು ಮಾಡೋ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಹೃದ್ರೋಗ, ಹೆಚ್ಚು ಬಿಪಿ, ಕಣ್ಣಿನ ಅಕ್ಷಿಪಟಲದ ತೊಂದರೆ, ಪಾದದಲ್ಲಿ ಹುಣ್ಣು ಇದ್ದರಂತೂ ಖಂಡಿತ. ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳೋರಿಗೆ ಸಕ್ಕರೆ ತೀರಾ ಇಳಿಯಬಹುದು. ನಡುಕ, ಬೆವರು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಮೂರು ಚಮಚ ಸಕ್ಕರೆ ತಿನ್ನಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮಾತ್ರೆಯನ್ನು ನಾವಾಗೇ ನಿಲ್ಲಿಸುವಂತಿಲ್ಲ.

ಇನ್ನೊಂದು ಮಾತು. ಅಪ್ಪ-ಅಮ್ಮನಿಗೆ ಶುಗರ್ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಊರಿಗೆ ಫೋನಲ್ಲಿ ಬುದ್ಧಿ ಹೇಳಿದರೆ ಯಾರು ಕೇಳ್ತಾರೆ? ಮುಂದಿನ ಹಬ್ಬಕ್ಕೆ ಹೋದಾಗ ಅಪ್ಪಾಜಿ ಪಕ್ಕ ನಿಂತು ನಾವೂ ಹತ್ತು ಬಸ್ಕಿ ಹೊಡೆಯೋಣ.