ತಕ್ಕಡಿಗೆ ಕಾಣದ ಕೊಬ್ಬು

ಹಳಿಯಾಳ, ದಾಂಡೇಲಿಗಳನ್ನು ಹಾದು ಜೊಯಿಡಾ ತಾಲೂಕಿನ ಕಾಡಿನ ನಡುವಿರುವ ಉಳವಿಯ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ. ಹಿಂದೆ ಈ ಸೀಮೆಯಲ್ಲಿ ಗದ್ದೆಗೂ ಸಂತೆಗೂ ಶಾಲೆಗೂ ನಡೆದೇ ಹೋಗುತ್ತಿದ್ದರು. ಈಗ ಜೊಯಿಡಾದಿಂದ ಮುಂಡಗೋಡದವರೆಗೆ ಬಸ್ಸು, ಮೋಟಾರುಬೈಕುಗಳು ನಮ್ಮ ಕಾಲುಗಳಿಗೆ ಬಿಡುವು ಕೊಟ್ಟಿವೆ. ಈ ಬಿಡುವಿಗೂ ಮಧುಮೇಹಕ್ಕೂ ಸಂಬಂಧವುಂಟು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುತೇಕರದು ಎರಡನೆಯ ಬಗೆಯ ಮಧುಮೇಹ.

ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ರೋಗಿಯು ಮೂರು ತಿಂಗಳು ನಡೆದು ತಕ್ಕಡಿಯನ್ನೇರುತ್ತಾನೆ, ಮುಳ್ಳು ಕದಲಿರುವುದಿಲ್ಲ. ಶ್ರಮವೆಲ್ಲ ವ್ಯರ್ಥವೆಂದು ನಡಿಗೆಯನ್ನೇ ಬಿಡುತ್ತಾನೆ. ಅವನ ತೀರ್ಮಾನವು ಸರಿಯೆ?

ಮೊದಲು ಲೆಕ್ಕವನ್ನು ನೋಡೋಣ. 60 ಕಿಲೋಗ್ರಾಂ ತೂಕದವನೊಬ್ಬನು 100 ಮೀಟರು ಎತ್ತರದ ಗುಡ್ಡವನ್ನು ಏರಿದರೆ ಸುಮಾರು 59,000 ಜೂಲುಗಳಷ್ಟು ಕೆಲಸವಾಗುತ್ತದೆ. ಸ್ನಾಯುವಿನ ದಕ್ಷತೆಯನ್ನು ನಾಲ್ಕರಲ್ಲಿ ಒಂದು ಪಾಲೆಂದು ಹಿಡಿದರೆ ಶಕ್ತಿಯ ವೆಚ್ಚವು 2,36,000 ಜೂಲುಗಳು. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 37,000 ಜೂಲುಗಳಿರುವುದರಿಂದ, ಈ ವೆಚ್ಚವೆಲ್ಲ ಕೊಬ್ಬಿನಿಂದಲೇ ಬಂದರೂ ಕರಗುವುದು 6 ಗ್ರಾಂ ಮಾತ್ರ! ತಕ್ಕಡಿಯು ಸುಮ್ಮನಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕೊಬ್ಬು ಎಷ್ಟಿದೆ ಎಂಬುದರಷ್ಟೇ ಮುಖ್ಯವಾದುದು ಅದು ಎಲ್ಲಿದೆ ಎಂಬುದು. ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಬೆರಳುಗಳಿಂದ ಹಿಡಿಯಬಹುದು. ಇನ್ನೊಂದು ಬಗೆಯ ಕೊಬ್ಬು ಒಳಗೆ ಕರುಳುಗಳ ಸುತ್ತ ಸೇರಿರುತ್ತದೆ. ಅದರಿಂದ ಹೊರಬೀಳುವ ಮೇದಾಮ್ಲಗಳು ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಸೇರುತ್ತವೆ. ಆಗ ಯಕೃತ್ತು ಇನ್ಸುಲಿನ್ನಿನ ಆಜ್ಞೆಯನ್ನು ಸರಿಯಾಗಿ ಪಾಲಿಸದೆ ರಕ್ತಕ್ಕೆ ಸಕ್ಕರೆಯನ್ನು ಸುರಿಯತೊಡಗುತ್ತದೆ.

ಈ ಒಳಗೊಬ್ಬು ತೆಳ್ಳಗಿರುವವರನ್ನೂ ಬಿಟ್ಟಿಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಲ್ಲಿಯೂ ಒಂದೇ. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರಲ್ಲಿ 21.2. ತಕ್ಕಡಿಗೆ ಈ ಭೇದವು ತಿಳಿಯದು.

ಇನ್ನು ವ್ಯಾಯಾಮವು ಮಾಡುವುದೇನು? ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ತಿಂಗಳುಗಳ ಅಭ್ಯಾಸದಿಂದ ಒಳಗೊಬ್ಬು ಕರಗುತ್ತದೆ. ತೂಕವು ಇಳಿಯದಿದ್ದಾಗಲೂ ಇದು ಕಡಿಮೆಯಾಗುವುದುಂಟೆಂದು ಪ್ರಯೋಗಗಳು ತೋರಿಸಿವೆ. ಹೊಟ್ಟೆಯನ್ನು ಮಾತ್ರ ಬಗ್ಗಿಸಿ ಏಳುವ ಕಸರತ್ತಿನಿಂದ ಹೊಟ್ಟೆಯೊಂದೇ ಕರಗುತ್ತದೆಂಬುದು ಭ್ರಮೆ. ಇಡೀ ದೇಹ ದುಡಿಯಬೇಕು.

ಒಮ್ಮೆ ಮಾಡಿದ ವ್ಯಾಯಾಮದ ಗುಣವು ಒಂದೆರಡು ದಿನಗಳಲ್ಲಿ ಮಾಸುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಉಳವಿಗೆ ನಡೆದರೆ ಸಾಲದು. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಬೇಕು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೂಡದು. ಔಷಧ ಸೇವಿಸುವವರಿಗೆ ಸಕ್ಕರೆ ತೀರ ಇಳಿಯುವ ಭಯವಿರುವುದರಿಂದ ವೈದ್ಯರ ಸಲಹೆ ಅವಶ್ಯಕ. ಬರಿಗಾಲು ಸಲ್ಲದು.

ಅಳೆಯಬೇಕೆಂದರೆ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟಾಗ ಸುತ್ತಳತೆಯನ್ನು ತೆಗೆಯಬೇಕು. ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಎಚ್ಚರಿಕೆಯ ಗೆರೆ. ಮನೆಯಲ್ಲಿ ನಡಿಗೆಯನ್ನು ಬಿಟ್ಟ ಹಿರಿಯರಿದ್ದರೆ, ವಿದ್ಯಾರ್ಥಿಗಳು ತಕ್ಕಡಿಯನ್ನು ಬದಿಗಿರಿಸಿ ಟೇಪನ್ನು ಅವರ ಕೈಗೆ ಕೊಡಲಿ. ಅವರೊಡನೆ ತಾವೂ ನಡೆಯಲಿ.